ಗ್ರಬ್ ರೆಸ್ಕ್ಯೂ ಎಂದು ನಿಂತ ಲ್ಯಾಪ್‌ಟಾಪ್: ಫಾರ್ಮ್ಯಾಟ್ ಮಾಡಿಸುವ ಮೊದಲು

ಪ್ರಶ್ನೆ: ಪೆರ್ಲದ ಹತ್ತಿರ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಟೀಚರ್. ಮನೆಯಲ್ಲಿ 2014ರಲ್ಲಿ ತೆಗೆದ ಲ್ಯಾಪ್‌ಟಾಪ್ ಉಂಟು. ಅದರಲ್ಲಿ ವಿಂಡೋಸ್ 10 ಇತ್ತು, ಜೊತೆಗೆ ಶಾಲೆಯ ಕೆಲಸಕ್ಕೆಂದು ಕೈಟ್ ಗ್ನೂ ಲಿನಕ್ಸ್ (ಕೇರಳದ ಶಾಲೆಗಳಲ್ಲಿ ಬಳಸುವ, ವಿಂಡೋಸಿನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಕೂಡ ಹಾಕಿಸಿದ್ದೆ. ಈಗ ಶಾಲೆಯಲ್ಲೇ ಬೇರೆ ಲ್ಯಾಪ್‌ಟಾಪ್ ಇರುವುದರಿಂದ, ಜಾಗ ಸಿಗಲಿ ಎಂದು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಲಿನಕ್ಸ್ ಇದ್ದ ಪಾರ್ಟಿಶನ್ (ಡಿಸ್ಕಿನಲ್ಲಿ ಬೇರೆ ಮಾಡಿಟ್ಟ ಭಾಗ) ಅಳಿಸಿದೆ. ಮರುದಿನ ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ‘ಎರರ್: ನೋ ಸಚ್ ಪಾರ್ಟಿಶನ್’, ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’. ಅಷ್ಟೇ, ಮುಂದೆ ಹೋಗುವುದಿಲ್ಲ. ಅಂಗಡಿಗೆ ಒಯ್ದಾಗ ಫಾರ್ಮ್ಯಾಟ್ ಮಾಡಬೇಕು, ಒಳಗಿದ್ದದ್ದು ಸಿಗುವುದು ಡೌಟು ಎಂದರು. ಹದಿನೈದು ವರ್ಷದ ಪ್ರಶ್ನೆಪತ್ರಿಕೆಗಳು, ಅಡಿಕೆ ತೋಟದ ಲೆಕ್ಕ, ಮಗಳ ಮದುವೆಯ ಫೋಟೋ ಎಲ್ಲ ಅದರಲ್ಲಿವೆ. ಬೂಟ್‌ಐಸ್ ಅಂತ ಒಂದು ಚಿಕ್ಕ ಪ್ರೋಗ್ರಾಂ ಉಂಟು, ಪೆನ್‌ಡ್ರೈವಿನಲ್ಲಿ ಹಾಕಿ ಸರಿ ಮಾಡಬಹುದು ಎಂದು ಅಳಿಯ ಫೋನಿನಲ್ಲಿ ಹೇಳಿದರು. ಅದನ್ನು ಬಳಸಬಹುದೇ? ಫೈಲು ಹೋಗುವುದಿಲ್ಲವೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಟೀಚರೇ, ಮೊದಲು ಒಂದು ಸಮಾಧಾನದ ಮಾತು. ನೀವು ಬರೆದ ಲಕ್ಷಣ ನೋಡಿದರೆ ನಿಮ್ಮ ಫೈಲುಗಳಿಗೆ ಏನೂ ಆಗಿಲ್ಲ. ವಿಂಡೋಸಿಗೂ ಏನೂ ಆಗಿರಲಿಕ್ಕಿಲ್ಲ. ಹಾಳಾಗಿರುವುದು ದಾರಿ ತೋರಿಸುವವನು ಮಾತ್ರ. ಆದ್ದರಿಂದ ಸದ್ಯಕ್ಕೆ ಯಾರ ಕೈಯಲ್ಲೂ ಫಾರ್ಮ್ಯಾಟ್ ಮಾಡಿಸಬೇಡಿ. ಅಳಿಯ ಹೇಳಿದ ದಾರಿ ಸರಿ ಉಂಟು. ಬೂಟ್‌ಐಸ್‌ನಿಂದ ಇದು ಸರಿಯಾಗುತ್ತದೆ. ಆದರೆ ಅದು ತುಂಬಾ ಹರಿತವಾದ ಕತ್ತಿ. ಹಿಡಿಯುವ ಕ್ರಮ ಗೊತ್ತಿರಬೇಕು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಏನಾಗಿದೆ ಎಂದು ಮೊದಲು ನೋಡೋಣ. ನಿಮ್ಮ ಮನೆ ಹುಡುಕಿಕೊಂಡು ಒಬ್ಬರು ಹೊಸಬರು ಪೆರ್ಲದಲ್ಲಿ ಬಸ್ಸಿಳಿದರು ಎಂದುಕೊಳ್ಳಿ. ಅವರಿಗೆ ಊರು ಗೊತ್ತಿಲ್ಲ. ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಕೇಳುತ್ತಾರೆ. ಅಂಗಡಿಯವನು ಒಂದು ತಿರುವು ತೋರಿಸುತ್ತಾನೆ. ತಿರುವಿನಲ್ಲಿ ಇನ್ನೊಬ್ಬರು ಗೇಟು ತೋರಿಸುತ್ತಾರೆ. ಹಾಗೆ ಮನೆ ಮುಟ್ಟುತ್ತಾರೆ. ಕಂಪ್ಯೂಟರಿನ ಬಯೋಸ್, ಅಂದರೆ ಆನ್ ಮಾಡಿದ ಕೂಡಲೇ ಮೊದಲು ಏಳುವ ಪ್ರೋಗ್ರಾಂ, ಆ ಹೊಸಬರ ಹಾಗೆ. ಅದಕ್ಕೆ ಗೊತ್ತಿರುವುದು ಒಂದೇ, ಹಾರ್ಡ್ ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು (ಡಿಸ್ಕಿನ ಒಂದು ಚಿಕ್ಕ ತುಂಡು) ಓದಿ ಅಲ್ಲಿ ಹೇಳಿದಂತೆ ಮಾಡುವುದು. ಆ ಮೊದಲ ಸೆಕ್ಟರೇ ಮಾಸ್ಟರ್ ಬೂಟ್ ರೆಕಾರ್ಡ್, ಎಂಬಿಆರ್. ಅಲ್ಲಿಂದ ಆ್ಯಕ್ಟಿವ್ ಎಂದು ಗುರುತು ಹಾಕಿದ ಪಾರ್ಟಿಶನ್ನಿನ ಮೊದಲ ಸೆಕ್ಟರಿಗೆ ಹೋಗುತ್ತದೆ. ಅದು ಪಾರ್ಟಿಶನ್ ಬೂಟ್ ರೆಕಾರ್ಡ್, ಪಿಬಿಆರ್. ಅದು ಬೂಟ್‌ಎಂಜಿಆರ್ ಎಂಬ ಫೈಲನ್ನು ಎಬ್ಬಿಸುತ್ತದೆ. ಬೂಟ್‌ಎಂಜಿಆರ್ ತನ್ನ ಬಿಸಿಡಿ ಎಂಬ ಪಟ್ಟಿ ನೋಡಿ ವಿಂಡೋಸ್ ಯಾವ ಪಾರ್ಟಿಶನ್ನಿನಲ್ಲಿದೆ ಎಂದು ಹುಡುಕುತ್ತದೆ. ನಾಲ್ಕು ಕೈ ದಾಟಿದ ಮೇಲೆ ನಿಮಗೆ ವಿಂಡೋಸಿನ ಗುರುತು ಕಾಣುವುದು.

ಲಿನಕ್ಸ್ ಹಾಕಿದಾಗ ಸ್ಟ್ಯಾಂಡಿನ ಅಂಗಡಿಯವನು ಬದಲಾದ. ಎಂಬಿಆರ್‌ನಲ್ಲಿ ಗ್ರಬ್, ಅಂದರೆ ಲಿನಕ್ಸ್ ಬೇಕೋ ವಿಂಡೋಸ್ ಬೇಕೋ ಎಂದು ಕೇಳಿ ಎಬ್ಬಿಸುವ ಪ್ರೋಗ್ರಾಂ, ಬಂದು ಕೂತಿತು. ಎಂಬಿಆರ್‌ನಲ್ಲಿ ಜಾಗ ತುಂಬಾ ಕಡಿಮೆ. ಹಾಗಾಗಿ ಗ್ರಬ್ಬಿನ ಮೊದಲ ತುಣುಕು ಮಾತ್ರ ಅಲ್ಲಿರುತ್ತದೆ. ಎರಡನೆಯ ತುಣುಕು ಎಂಬಿಆರ್‌ಗೂ ಮೊದಲ ಪಾರ್ಟಿಶನ್ನಿಗೂ ನಡುವಿನ ಖಾಲಿ ಜಾಗದಲ್ಲಿರುತ್ತದೆ. ಉಳಿದದ್ದೆಲ್ಲ, ಅಂದರೆ ಮೆನು ಮತ್ತು ಅದರ ಸಾಮಾನು, ಲಿನಕ್ಸಿನ ಪಾರ್ಟಿಶನ್ನಿನ ಒಳಗೆ ಇರುತ್ತದೆ. ನೀವು ಅಳಿಸಿದ್ದು ಅದನ್ನು. ಈಗ ಅಂಗಡಿಯವನು ಇದ್ದಾನೆ, ಕೇಳಿದವರಿಗೆ ಕೆಡವಿ ಹಾಕಿದ ಮನೆಯ ದಾರಿ ತೋರಿಸುತ್ತಿದ್ದಾನೆ. ನಿಮ್ಮ ಮನೆ ಇದ್ದಲ್ಲೇ ಇದೆ, ಒಳಗಿನ ಸಾಮಾನೂ ಹಾಗೇ ಇದೆ. ಅಲ್ಲಿಗೆ ಹೋಗುವ ದಾರಿ ಹೇಳುವವರು ಇಲ್ಲ, ಅಷ್ಟೇ.

ಇಂಥ ಕೇಸು ನಮ್ಮ ಕಡೆ ಜಾಸ್ತಿ. ಕೇರಳದ ಸರಕಾರಿ ಶಾಲೆಗಳಲ್ಲಿ ಕಲಿಸುವುದು ಲಿನಕ್ಸಿನಲ್ಲೇ. ಉಬುಂಟು ಆಧರಿಸಿ ಮಾಡಿದ್ದನ್ನು ಕೈಟ್ ಸಂಸ್ಥೆಯೇ ಶಾಲೆಗಳಿಗೆ ಕೊಡುತ್ತದೆ. ಕೆಲಸಕ್ಕೆ ಅದು ಬೇಕು, ಮನೆಗೆ ವಿಂಡೋಸ್ ಬೇಕು ಎಂದು ಟೀಚರುಗಳು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುತ್ತಾರೆ. ಅದು ಒಳ್ಳೆಯ ಅಭ್ಯಾಸವೇ. ತೆಗೆಯುವಾಗ ಕ್ರಮ ತಪ್ಪಿದರೆ ಮಾತ್ರ ಹೀಗಾಗುತ್ತದೆ. ಮೊದಲು ಎಂಬಿಆರ್ ಅನ್ನು ವಿಂಡೋಸಿಗೆ ಹಿಂದಿರುಗಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ, ವಿಂಡೋಸ್ ನೇರವಾಗಿ ಬರುತ್ತದೆ ಎಂದು ಕಂಡ ಮೇಲೆ ಲಿನಕ್ಸ್ ಅಳಿಸಬೇಕಿತ್ತು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ತಪ್ಪು ನಿಮ್ಮದಲ್ಲ.

ಈಗ ಆ ಮೊದಲ ಸೆಕ್ಟರನ್ನು ಹತ್ತಿರದಿಂದ ನೋಡಿ. ಒಟ್ಟು 512 ಬೈಟ್. ಈ ಒಂದು ಪ್ಯಾರಾದ ಅಕ್ಷರಗಳನ್ನೂ ಅದರಲ್ಲಿ ತುಂಬಲಿಕ್ಕೆ ಆಗುವುದಿಲ್ಲ. ಮೊದಲ 446 ಬೈಟ್ ದಾರಿ ತೋರಿಸುವ ಕೋಡಿಗೆ ಸೇರಿದ್ದು. ಅದರ ಕೊನೆಯ ಹತ್ತಿರ ನಾಲ್ಕು ಬೈಟಿನ ಒಂದು ಡಿಸ್ಕ್ ಸಹಿ ಇರುತ್ತದೆ, ಅದರ ವಿಷಯ ಮುಂದೆ ಹೇಳುತ್ತೇನೆ. ಆಮೇಲಿನ 64 ಬೈಟ್ ಪಾರ್ಟಿಶನ್ ಪಟ್ಟಿ. 16 ಬೈಟಿಗೆ ಒಂದು ಸಾಲಿನಂತೆ ನಾಲ್ಕೇ ಸಾಲು. ಎಂಬಿಆರ್ ಡಿಸ್ಕಿನಲ್ಲಿ ನಾಲ್ಕಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಶನ್ ಆಗದಿರುವುದು ಇದಕ್ಕೇ. ಕೊನೆಯ ಎರಡು ಬೈಟ್ 55 ಎಎ. ಇದು ಇಲ್ಲದಿದ್ದರೆ ಬಯೋಸ್ ಈ ಸೆಕ್ಟರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 1983ರಲ್ಲಿ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕ್ ಬಂದಾಗ, ಡಾಸ್ 2.0 ಕಾಲದಲ್ಲಿ, ಹಾಕಿಟ್ಟ ಕ್ರಮ ಇದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಂದಿಗೂ ನಡೆಯುತ್ತಿರುವುದು ಅದೇ.

ಇದನ್ನು ಯಾಕೆ ಹೇಳಿದೆ ಅಂದರೆ, ನಮಗೆ ಬದಲಿಸಬೇಕಾದ್ದು ಆ ಮೊದಲಿನ ಕೋಡನ್ನು ಮಾತ್ರ. ಪಾರ್ಟಿಶನ್ ಪಟ್ಟಿಯನ್ನು ಮುಟ್ಟಬಾರದು. ಪಟ್ಟಿ ಉಳಿದರೆ ನಿಮ್ಮ ಡಿ ಡ್ರೈವ್, ಅದರೊಳಗಿನ ಮದುವೆ ಫೋಟೋ ಎಲ್ಲ ಉಳಿದ ಹಾಗೆ. ಕೋಡ್ ಬದಲಿಸುವ ಕೆಲಸ ಅರ್ಧ ಸೆಕೆಂಡಿನದು. ಅದಕ್ಕೆ ಮುಂಚಿನ ತಯಾರಿಯೇ ನಿಜವಾದ ಕೆಲಸ.

ಬೂಟ್‌ಐಸ್ ಅಂದರೆ ಒಂದೇ ಫೈಲಿನ ಪ್ರೋಗ್ರಾಂ. ಇನ್‌ಸ್ಟಾಲ್ ಮಾಡುವುದು ಬೇಡ, ಪೆನ್‌ಡ್ರೈವಿನಲ್ಲಿ ಇಟ್ಟು ಡಬಲ್ ಕ್ಲಿಕ್ ಮಾಡಿದರೆ ಸಾಕು. ಎಂಬಿಆರ್, ಪಿಬಿಆರ್, ಬಿಸಿಡಿ, ಯುಇಎಫ್‌ಐ (ಹೊಸ ಕಂಪ್ಯೂಟರುಗಳಲ್ಲಿ ಹಳೆಯ ಬಯೋಸಿನ ಬದಲು ಬಂದದ್ದು) ಎಂಟ್ರಿ, ಇಷ್ಟೂ ಒಂದೇ ಕಿಟಕಿಯಲ್ಲಿ ಸಿಗುತ್ತವೆ. ಇದರ ಹೊಸ ಆವೃತ್ತಿ ಬಂದು ವರ್ಷಗಳೇ ಕಳೆದಿವೆ. ಆದರೆ ಎಂಬಿಆರ್ ಹಳೆಯದೇ ಆದ್ದರಿಂದ ಈ ಕೆಲಸಕ್ಕೆ ಅದು ಇಂದಿಗೂ ಸಾಕು. ಒಂದು ಎಚ್ಚರಿಕೆ: ಸಿಕ್ಕಸಿಕ್ಕ ಡೌನ್‌ಲೋಡ್ ಸೈಟಿನಿಂದ, ವಾಟ್ಸಾಪಿನಲ್ಲಿ ಬಂದ ಲಿಂಕಿನಿಂದ ಇದನ್ನು ಇಳಿಸಬೇಡಿ. ಡಿಸ್ಕಿನ ಮೊದಲ ಸೆಕ್ಟರಿಗೆ ಬರೆಯುವ ಅಧಿಕಾರ ಕೊಡುತ್ತಿದ್ದೇವೆ, ಯಾರು ಮುಟ್ಟಿದ ಫೈಲೋ ಗೊತ್ತಿಲ್ಲದೆ ಓಡಿಸಬಾರದು.

ಬೂಟ್‌ಐಸ್ ಓಡಬೇಕಾದರೆ ವಿಂಡೋಸ್ ಬೇಕು, ನಿಮ್ಮ ವಿಂಡೋಸ್ ಏಳುತ್ತಿಲ್ಲ. ಅದಕ್ಕೆ ಪೆನ್‌ಡ್ರೈವಿನಿಂದಲೇ ಏಳುವ ಪುಟ್ಟ ವಿಂಡೋಸ್ ಬೇಕು. ನಾನು ಹೈರೆನ್ಸ್ ಬೂಟ್‌ಸಿಡಿ ಪಿಇ ಬಳಸುತ್ತೇನೆ. ಅದರೊಳಗೆ ಬೂಟ್‌ಐಸ್ ಕೂಡ ಇದೆ, ಬೇರೆ ಹುಡುಕುವುದು ಬೇಡ. ನಿಮ್ಮ ಲ್ಯಾಪ್‌ಟಾಪಿನಲ್ಲಿ 4 ಜಿಬಿ ರ‍್ಯಾಮ್ ಇದ್ದರೆ ಸಾಕು. 8 ಜಿಬಿಯ ಖಾಲಿ ಪೆನ್‌ಡ್ರೈವ್ ತೆಗೆದುಕೊಂಡು, ಬೇರೆ ಯಾರದಾದರೂ ವಿಂಡೋಸ್ ಕಂಪ್ಯೂಟರಿನಲ್ಲಿ ರೂಫಸ್ ಎಂಬ ಪ್ರೋಗ್ರಾಮಿನಿಂದ ಹೈರೆನ್ಸ್ ಇಮೇಜನ್ನು (ಇಳಿಸಿಕೊಂಡ ಅದರ ಫೈಲನ್ನು) ಅದಕ್ಕೆ ಬರೆಯಿಸಿ. ಪಾರ್ಟಿಶನ್ ಸ್ಕೀಮ್ ಎಂದು ಕೇಳುವಲ್ಲಿ ಎಂಬಿಆರ್ ಆರಿಸಿ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿ ಹೋಗುತ್ತದೆ, ಆದ್ದರಿಂದ ಶಾಲೆಯ ಕಡತ ಇರುವ ಪೆನ್‌ಡ್ರೈವ್ ಬಳಸಬೇಡಿ.

ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್12 ಅಥವಾ ಎಫ್9 ಅಥವಾ ಎಸ್ಕೇಪ್, ಕಂಪನಿಗೊಂದು ಕೀ ಇರುತ್ತದೆ, ಅದನ್ನು ಒತ್ತಿ ಪೆನ್‌ಡ್ರೈವ್ ಆರಿಸಿ. ಸ್ವಲ್ಪ ಹೊತ್ತಿಗೆ ವಿಂಡೋಸಿನಂಥದೇ ಪರದೆ ಬರುತ್ತದೆ. ಅಲ್ಲಿ ದಿಸ್ ಪಿಸಿ ತೆರೆದು ನೋಡಿ. ನಿಮ್ಮ ಫೈಲುಗಳು ಕಾಣುತ್ತವೆ. ಆ ಕ್ಷಣದಲ್ಲಿ ಬರುವ ನೆಮ್ಮದಿಯನ್ನು ನಾನು ನೂರಾರು ಮುಖಗಳಲ್ಲಿ ನೋಡಿದ್ದೇನೆ. ಡ್ರೈವಿನ ಅಕ್ಷರಗಳು ಅದಲುಬದಲಾಗಿದ್ದರೆ ಗಾಬರಿ ಬೇಡ. ನಿಮ್ಮ ಸಿ ಇಲ್ಲಿ ಡಿ ಎಂದು ಕಾಣಬಹುದು. ಎಕ್ಸ್ ಎಂದು ಕಾಣುವುದು ಈ ಪುಟ್ಟ ವಿಂಡೋಸಿನದ್ದೇ.

ಇಲ್ಲಿಗೆ ಬಂದ ಮೇಲೆ ಮೊದಲು ಮಾಡಬೇಕಾದ್ದು ರಿಪೇರಿ ಅಲ್ಲ, ಕಾಪಿ. ಒಂದು ಎಕ್ಸ್‌ಟರ್ನಲ್ ಡಿಸ್ಕ್ ಅಥವಾ ಇನ್ನೊಂದು ದೊಡ್ಡ ಪೆನ್‌ಡ್ರೈವ್ ಚುಚ್ಚಿ, ಪ್ರಶ್ನೆಪತ್ರಿಕೆ, ಲೆಕ್ಕ, ಫೋಟೋ ಎಲ್ಲ ಅದಕ್ಕೆ ಹಾಕಿಕೊಳ್ಳಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರನ್ನೂ ಮರೆಯಬೇಡಿ. ಅವು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಕೆಳಗೆ ಇರುತ್ತವೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ನುಡಿಯಲ್ಲೋ ಬರಹದಲ್ಲೋ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನೂ ತೆಗೆದಿಟ್ಟುಕೊಳ್ಳಿ. ಫೈಲು ಸಿಕ್ಕಿ ಫಾಂಟು ಸಿಗದೆ, ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡು ಅತ್ತವರು ಇದ್ದಾರೆ.

ಕಾಪಿ ಆಗುತ್ತಿರುವಾಗ ಕಿವಿ ಕೊಡಿ. ಡಿಸ್ಕಿನಿಂದ ಟಿಕ್ ಟಿಕ್ ಎಂದು ಕೇಳಿದರೆ, ಅಥವಾ ಒಂದೊಂದು ಫೋಟೋಗೆ ನಿಮಿಷಗಟ್ಟಲೆ ನಿಂತರೆ, ಅದು ಬೂಟ್ ರೆಕಾರ್ಡಿನ ತೊಂದರೆ ಅಲ್ಲ, ಡಿಸ್ಕೇ ಸಾಯುತ್ತಿದೆ. ಆಗ ಅದಕ್ಕೆ ಒಂದು ಬೈಟೂ ಬರೆಯಬೇಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಪ್ರೋಗ್ರಾಂ ತೆರೆದರೆ ಡಿಸ್ಕಿನ ಆರೋಗ್ಯ ಬಣ್ಣದಲ್ಲಿ ತೋರಿಸುತ್ತದೆ. ನೀಲಿ ಇದ್ದರೆ ಮುಂದೆ ಹೋಗಬಹುದು. ಹಳದಿ, ಕೆಂಪು ಬಂದರೆ ಸಿಕ್ಕಷ್ಟನ್ನು ಕಾಪಿ ಮಾಡಿ, ಹೊಸ ಡಿಸ್ಕ್ ಹಾಕಿಸಿ. 2014ರ ಲ್ಯಾಪ್‌ಟಾಪಿನ ಡಿಸ್ಕಿಗೆ ವಯಸ್ಸಾಗಿದೆ, ಇದನ್ನು ನೋಡದೆ ದಾಟಬೇಡಿ. ಇನ್ನೊಂದು, ಚಾರ್ಜರ್ ಹಾಕಿರಲಿ, ಬ್ಯಾಟರಿಯೂ ಇರಲಿ. ಆಟಿಯ ಮಳೆಗೆ ನಮ್ಮ ಕಡೆ ಕರೆಂಟು ಎಷ್ಟು ಸಲ ಹೋಗುತ್ತದೆ ಎಂದು ನಿಮಗೆ ಗೊತ್ತುಂಟಲ್ಲ. ಬ್ಯಾಟರಿ ಸತ್ತಿದ್ದರೆ ಯುಪಿಎಸ್ ಇರುವ ಮನೆಯಲ್ಲಿ ಕೂತು ಮಾಡಿ. ತುಲಾ ತಿಂಗಳ ಸಂಜೆ ಸಿಡಿಲಿನ ಹೊತ್ತಿಗಂತೂ ಈ ಕೆಲಸಕ್ಕೆ ಕೂರಲೇಬಾರದು.

ಈಗ ಒಂದು ಪರೀಕ್ಷೆ. ಇದನ್ನು ಬಿಟ್ಟು ಮುಂದೆ ಹೋದವರೇ ಜಾಸ್ತಿ ಕೆಡಿಸಿಕೊಳ್ಳುವುದು. ನಿಮ್ಮ ಡಿಸ್ಕ್ ಎಂಬಿಆರ್ ಕ್ರಮದ್ದೋ ಜಿಪಿಟಿ ಕ್ರಮದ್ದೋ? ಜಿಪಿಟಿ ಎಂದರೆ ಪಾರ್ಟಿಶನ್ ಪಟ್ಟಿ ಇಡುವ ಹೊಸ ಕ್ರಮ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡಿಸ್ಕ್ 0 ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ವಾಲ್ಯೂಮ್ಸ್. ಅಲ್ಲಿ ಪಾರ್ಟಿಶನ್ ಸ್ಟೈಲ್ ಎಂದು ಬರೆದಿರುತ್ತದೆ. 2014ರ ಲ್ಯಾಪ್‌ಟಾಪ್ ಎರಡರಲ್ಲಿ ಯಾವುದೂ ಆಗಿರಬಹುದು. ಆದರೆ ಲಿನಕ್ಸ್ ಹೋದ ಮೇಲೆ ‘ನೋ ಸಚ್ ಪಾರ್ಟಿಶನ್’ ಎಂದು ರೆಸ್ಕ್ಯೂಗೆ ಬೀಳುವುದು ಹೆಚ್ಚಾಗಿ ಎಂಬಿಆರ್ ಡಿಸ್ಕಿನಲ್ಲಿ. ಹಾಗಾಗಿ ಮುಂದಿನದನ್ನು ಅದಕ್ಕೇ ಹೊಂದಿಸಿ ಬರೆಯುತ್ತೇನೆ. ಜಿಪಿಟಿ ಎಂದು ಕಂಡರೆ ಈ ಕ್ರಮ ಬೇಡವೇ ಬೇಡ, ಕೊನೆಯಲ್ಲಿ ಅದರ ಬಗ್ಗೆ ಹೇಳಿದ್ದೇನೆ.

ಕಾಪಿ ಮುಗಿದ ಮೇಲೆ ಎಕ್ಸ್‌ಟರ್ನಲ್ ಡಿಸ್ಕನ್ನು ಕಳಚಿ ಪಕ್ಕಕ್ಕಿಡಿ. ಇದನ್ನು ಒತ್ತಿ ಹೇಳುತ್ತೇನೆ, ಕಾರಣ ಉಂಟು. ಕೆಲವು ವರ್ಷಗಳ ಹಿಂದೆ ಒಬ್ಬರ ಕಂಪ್ಯೂಟರನ್ನು ಹೀಗೇ ಸರಿ ಮಾಡುತ್ತಿದ್ದೆ. ಅವರ ಎಕ್ಸ್‌ಟರ್ನಲ್ ಡಿಸ್ಕ್ ಕೂಡ ಚುಚ್ಚಿಯೇ ಇತ್ತು. ಎರಡೂ 500 ಜಿಬಿಯವು. ಬೂಟ್‌ಐಸ್ ಪಟ್ಟಿಯಲ್ಲಿ ಎರಡೂ ಒಂದೇ ಅಳತೆ ತೋರಿಸುತ್ತಿದ್ದವು. ನಾನು ಹೆಸರು ಓದದೆ ತಪ್ಪು ಡಿಸ್ಕ್ ಆರಿಸಿ ಪಾರ್ಟಿಶನ್ ಕೆಲಸಕ್ಕೆ ಇಳಿದೆ. ಅವರ ಅಪ್ಪನ ಕೊನೆಯ ದಿನಗಳ ವಿಡಿಯೋ ಅದರಲ್ಲಿತ್ತು. ಟೆಸ್ಟ್‌ಡಿಸ್ಕ್ ಎಂಬ ಇನ್ನೊಂದು ಪ್ರೋಗ್ರಾಮಿನಿಂದ ಹಳೆಯ ಪಾರ್ಟಿಶನ್ ಹುಡುಕಿ ವಾಪಸು ತರುವವರೆಗೆ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಸಿಕ್ಕಿತು. ಸಿಗದೇ ಹೋಗಿದ್ದರೆ ಅವರಿಗೆ ಏನು ಹೇಳುತ್ತಿದ್ದೆನೋ ಇಂದಿಗೂ ಗೊತ್ತಿಲ್ಲ. ಅಂದಿನಿಂದ, ಬರೆಯುವ ಹೊತ್ತಿಗೆ ಬೇಡದ ಡಿಸ್ಕ್ ಒಂದೂ ಮಷಿನಿಗೆ ತಾಗಿರಬಾರದು ಎಂದು ನಿಯಮ ಮಾಡಿಕೊಂಡಿದ್ದೇನೆ.

ಈಗ ಬೂಟ್‌ಐಸ್ ತೆರೆಯಿರಿ. ಮೊದಲ ಟ್ಯಾಬ್ ಫಿಸಿಕಲ್ ಡಿಸ್ಕ್. ಡೆಸ್ಟಿನೇಶನ್ ಡಿಸ್ಕ್ ಎಂಬ ಪಟ್ಟಿಯಲ್ಲಿ ಎರಡು ಹೆಸರು ಇರುತ್ತವೆ, ಒಂದು ನಿಮ್ಮ ಹಾರ್ಡ್ ಡಿಸ್ಕ್, ಇನ್ನೊಂದು ಪೆನ್‌ಡ್ರೈವ್. ಕಂಪನಿಯ ಹೆಸರು, ಅಳತೆ, ಒಳಗಿನ ಡ್ರೈವ್ ಅಕ್ಷರ, ಮೂರನ್ನೂ ಓದಿ. 500 ಜಿಬಿ ಎಂದು ಕೊಂಡದ್ದು ಇಲ್ಲಿ 465 ಜಿಬಿಯಷ್ಟು ಎಂದು ಕಾಣುತ್ತದೆ. ಅದು ಲೆಕ್ಕ ಹಾಕುವ ಕ್ರಮದ ವ್ಯತ್ಯಾಸ, ಜಾಗ ಕಳೆದುಹೋದದ್ದಲ್ಲ.

ಆರಿಸಿದ ಮೇಲೆ ಕೆಳಗೆ ನಾಲ್ಕು ಗುಂಡಿ. ಅವುಗಳಲ್ಲಿ ಮೊದಲು ಸೆಕ್ಟರ್ ಎಡಿಟ್ ಒತ್ತಿ. ಹೆಸರು ಕೇಳಿ ಹೆದರಬೇಡಿ, ನಾವು ನೋಡಲು ಮಾತ್ರ ಹೋಗುತ್ತಿರುವುದು. ಎಡಕ್ಕೆ ಸಂಖ್ಯೆಗಳ ಸಾಲು, ಬಲಕ್ಕೆ ಅದರ ಅಕ್ಷರ ರೂಪ. ಬಲಗಡೆ ಕಣ್ಣಾಡಿಸಿದರೆ ಗ್ರಬ್, ಜಿಯೋಮ್, ಹಾರ್ಡ್ ಡಿಸ್ಕ್, ರೀಡ್, ಎರರ್ ಎಂಬ ಇಂಗ್ಲಿಷ್ ಪದಗಳು ಒಂದರ ಹಿಂದೆ ಒಂದು ಕಾಣುತ್ತವೆ. ಅಲ್ಲಿ ಕೂತಿರುವುದು ಗ್ರಬ್ ಎಂಬುದಕ್ಕೆ ಅದೇ ಸಾಕ್ಷಿ. ವಿಂಡೋಸಿನ ಎಂಬಿಆರ್ ಆಗಿದ್ದರೆ ಅಲ್ಲಿ ‘ಇನ್‌ವ್ಯಾಲಿಡ್ ಪಾರ್ಟಿಶನ್ ಟೇಬಲ್’, ‘ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಮ್’ ಎಂಬ ಮಾತುಗಳು ಇರುತ್ತಿದ್ದವು. ಇನ್ನು ಕೆಳಗೆ ಬನ್ನಿ. ಕೊನೆಯ ಸಾಲುಗಳಲ್ಲಿ ಪಾರ್ಟಿಶನ್ ಪಟ್ಟಿ. ಪಟ್ಟಿಯ ಒಂದು ಸಾಲಿನ (ಪರದೆಯ ಸಾಲಲ್ಲ) ಶುರುವಿನಲ್ಲಿ 80 ಎಂದಿದ್ದರೆ ಅದು ಆ್ಯಕ್ಟಿವ್. 07 ಎಂದರೆ ಸಾಮಾನ್ಯವಾಗಿ ವಿಂಡೋಸಿನ ಎನ್‌ಟಿಎಫ್‌ಎಸ್, 83 ಎಂದರೆ ಲಿನಕ್ಸ್. ನೀವು ಅಳಿಸಿದ ಜಾಗದಲ್ಲಿ ಬರೀ ಸೊನ್ನೆಗಳ ಸಾಲು ಇರಬಹುದು. ಕೊಟ್ಟಕೊನೆಗೆ 55 ಎಎ. ಇದೆಲ್ಲ ಸರಿ ಕಂಡರೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, ಏನೂ ಬದಲಿಸದೆ ಆ ಕಿಟಕಿ ಮುಚ್ಚಿ.

ಆಮೇಲೆ ಪ್ರೊಸೆಸ್ ಎಂಬಿಆರ್ ಒತ್ತಿ. ಅಲ್ಲಿ ಬೇರೆ ಬೇರೆ ಬೂಟ್ ಕೋಡುಗಳ ಪಟ್ಟಿ ಕಾಣುತ್ತದೆ. ಅದಕ್ಕೂ ಮೊದಲು ಬ್ಯಾಕಪ್ ಎಂಬಿಆರ್ ಗುಂಡಿ ಒತ್ತಿ, ಈಗಿರುವ ಕೆಟ್ಟ ಎಂಬಿಆರ್ ಅನ್ನೇ ಪೆನ್‌ಡ್ರೈವಿನಲ್ಲಿ ಒಂದು ಫೈಲಾಗಿ ಉಳಿಸಿ. ಕೆಟ್ಟದ್ದನ್ನು ಯಾಕೆ ಉಳಿಸಬೇಕು ಎಂದು ಕೇಳಬಹುದು. ಅದರೊಳಗೆ ನಿಮ್ಮ ಪಾರ್ಟಿಶನ್ ಪಟ್ಟಿ ಇದೆ, ಡಿಸ್ಕ್ ಸಹಿ ಇದೆ. ಏನಾದರೂ ಎಡವಟ್ಟಾದರೆ ಇವತ್ತಿನ ಸ್ಥಿತಿಗೆ ಮರಳಲು ಅದೊಂದೇ ಹಿಡಿಕೆ. ಒಂದೇ ಸೆಕ್ಟರ್ ಉಳಿಸಿದರೆ ಫೈಲಿನ ಗಾತ್ರ ಸರಿಯಾಗಿ 512 ಬೈಟ್ ಇರುತ್ತದೆ, ರೈಟ್ ಕ್ಲಿಕ್ ಮಾಡಿ ನೋಡಿ ಖಾತ್ರಿ ಮಾಡಿಕೊಳ್ಳಿ. ಫೈಲಿನ ಹೆಸರಿನಲ್ಲಿ ತಾರೀಕು ಹಾಕಿ. ಮುಂದೆ ಪಾರ್ಟಿಶನ್ ಬದಲಿಸಿದ ಮೇಲೆ ಈ ಹಳೆಯ ಪ್ರತಿಯನ್ನು ಯಾರಾದರೂ ಪೂರ್ತಿ ವಾಪಸು ಬರೆದರೆ ಹಳೆಯ ಪಟ್ಟಿಯೂ ಬಂದು ಹೊಸ ಪಾರ್ಟಿಶನ್ ಕಾಣೆಯಾಗುತ್ತದೆ. ತಾರೀಕು ಇದ್ದರೆ ಆ ತಪ್ಪು ಆಗುವುದಿಲ್ಲ.

ವಿಂಡೋಸಿನದ್ದೇ ಬೂಟ್‌ರೆಕ್ ಕಮಾಂಡಿನಲ್ಲೂ ಇದೇ ರಿಪೇರಿ ಆಗುತ್ತದೆ. ಅದೂ ಕೋಡನ್ನು ಮಾತ್ರ ಬರೆಯುತ್ತದೆ, ಪಟ್ಟಿ ಮುಟ್ಟುವುದಿಲ್ಲ. ಆದರೂ ನಾನು ಬೂಟ್‌ಐಸ್ ಕಡೆಗೆ ವಾಲುವುದು ಇಲ್ಲಿಗೇ. ಅದು ಬರೆಯುವ ಮೊದಲು ಕಣ್ಣಾರೆ ತೋರಿಸುತ್ತದೆ, ಹಳೆಯದನ್ನು ಉಳಿಸಿಕೊಳ್ಳಲು ಬಿಡುತ್ತದೆ. ಕಮಾಂಡಿನಲ್ಲಿ ಎಂಟರ್ ಒತ್ತಿದ ಮೇಲೆ ಹಳೆಯದು ಹೋಯಿತು, ಅಷ್ಟೇ.

ಬ್ಯಾಕಪ್ ಆದ ಮೇಲೆ ಪಟ್ಟಿಯಿಂದ ವಿಂಡೋಸ್ ಎನ್‌ಟಿ ಎಂಬಿಆರ್ ಆರಿಸಿ, ಇನ್‌ಸ್ಟಾಲ್ ಒತ್ತಿ. 5.ಎಕ್ಸ್ ಬೇಕೋ 6.ಎಕ್ಸ್ ಬೇಕೋ ಎಂದು ಕೇಳುತ್ತದೆ. ಇಲ್ಲಿ ಎಲ್ಲರೂ ತಡವರಿಸುತ್ತಾರೆ, ವಿಂಡೋಸ್ 10 ಅಂತ ಇಲ್ಲವಲ್ಲ ಎಂದು. 5.ಎಕ್ಸ್ ಎಂದರೆ ಎಕ್ಸ್‌ಪಿ ಕಾಲದ್ದು. ವಿಸ್ತಾದಿಂದ ಈಚೆಗಿನ 7, 8, 10 ಎಲ್ಲದಕ್ಕೂ 6.ಎಕ್ಸ್. ಅದನ್ನು ಒತ್ತಿ. ಡಿಸ್ಕ್ ಸಿಗ್ನೇಚರ್ ಬದಲಿಸುವ ಯಾವ ಆಯ್ಕೆಯನ್ನೂ ಮುಟ್ಟಬೇಡಿ. ವಿಂಡೋಸಿನ ಬಿಸಿಡಿ ಪಟ್ಟಿ ಎಂಬಿಆರ್ ಡಿಸ್ಕನ್ನು ಗುರುತು ಹಿಡಿಯುವುದೇ ಆ ನಾಲ್ಕು ಬೈಟಿನ ಸಹಿಯಿಂದ. ಅದು ಬದಲಾದರೆ ಬೂಟ್‌ಎಂಜಿಆರ್ ಎದ್ದು ಕೂತು ‘ನನ್ನ ಡಿಸ್ಕ್ ಎಲ್ಲಿ’ ಎಂದು ಹುಡುಕುತ್ತದೆ, ನಿಮಗೆ 0ಎಕ್ಸ್‌ಸಿ000000ಇ ಎಂಬ ನೀಲಿ ಪರದೆ ಸಿಗುತ್ತದೆ.

ಇನ್ನೊಂದೇ ಪರಿಶೀಲನೆ. ಪಾರ್ಟ್ಸ್ ಮ್ಯಾನೇಜ್ ತೆರೆದರೆ ಪಾರ್ಟಿಶನ್ನುಗಳ ಪಟ್ಟಿ ಕಾಣುತ್ತದೆ. ವಿಂಡೋಸಿನ ಬೂಟ್ ಫೈಲಿರುವ ಪಾರ್ಟಿಶನ್ ಆ್ಯಕ್ಟಿವ್ ಆಗಿರಬೇಕು. ಸಾಮಾನ್ಯವಾಗಿ ಅದು ಶುರುವಿನಲ್ಲಿರುವ, ಸಿಸ್ಟಮ್ ರಿಸರ್ವ್ಡ್ ಎಂಬ ಚಿಕ್ಕ ಪಾರ್ಟಿಶನ್, 100ರಿಂದ 500 ಎಂಬಿ ಒಳಗಿನದು. ಅದು ಇಲ್ಲದಿದ್ದರೆ ಸಿ ಡ್ರೈವೇ. ಗ್ರಬ್ಬಿಗೆ ಆ್ಯಕ್ಟಿವ್ ಗುರುತಿನ ಹಂಗಿಲ್ಲ, ವಿಂಡೋಸಿನ ಎಂಬಿಆರ್‌ಗೆ ಅದು ಬೇಕೇಬೇಕು. ಗುರುತು ತಪ್ಪಿದ್ದರೆ ಸರಿಯಾದ ಪಾರ್ಟಿಶನ್ ಆರಿಸಿ ಆ್ಯಕ್ಟಿವೇಟ್ ಒತ್ತಿ. ಇದೇ ಕಿಟಕಿಯಲ್ಲಿ ಫಾರ್ಮ್ಯಾಟ್, ಮತ್ತೆ ಪಾರ್ಟಿಶನ್ ಮಾಡುವ ಗುಂಡಿಗಳೂ ಇವೆ. ಅವುಗಳ ಹತ್ತಿರ ಮೌಸ್ ಒಯ್ಯುವುದೇ ಬೇಡ.

ಎಲ್ಲ ಮುಚ್ಚಿ, ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ. ಹೆಚ್ಚಿನ ಕೇಸುಗಳಲ್ಲಿ ವಿಂಡೋಸ್ ಇಲ್ಲಿಗೇ ಎದ್ದು ಬರುತ್ತದೆ.

ಏಳದಿದ್ದರೆ ಪರದೆಯ ಮಾತನ್ನು ಅಕ್ಷರ ಬಿಡದೆ ಓದಿ, ಸರಪಳಿ ಎಲ್ಲಿ ತುಂಡಾಗಿದೆ ಎಂದು ಅದೇ ಹೇಳುತ್ತದೆ. ‘ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಮ್’ ಎಂದರೆ ಎಂಬಿಆರ್ ಕೆಲಸ ಮಾಡಿತು, ಆದರೆ ಅದು ಹೋದ ಪಾರ್ಟಿಶನ್ನಿನಲ್ಲಿ ಬೂಟ್ ಸೆಕ್ಟರ್ ಸರಿ ಇಲ್ಲ. ಆ್ಯಕ್ಟಿವ್ ಗುರುತನ್ನು ಮತ್ತೊಮ್ಮೆ ನೋಡಿ, ಅದು ಸರಿ ಇದ್ದರೆ ಪ್ರೊಸೆಸ್ ಪಿಬಿಆರ್ ಒತ್ತಿ ಆ ಪಾರ್ಟಿಶನ್ ಆರಿಸಿ, ಅದರದ್ದೂ ಬ್ಯಾಕಪ್ ತೆಗೆದು, ಬೂಟ್‌ಎಂಜಿಆರ್ ರೆಕಾರ್ಡ್ ಬರೆಯಿರಿ. ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’ ಎಂದರೆ ಪಿಬಿಆರ್ ತನಕ ಬಂತು, ಫೈಲು ಸಿಗಲಿಲ್ಲ. ಬಿಸಿಡಿ ಹೆಸರು ಹೇಳುವ ನೀಲಿ ಪರದೆ ಬಂದರೆ ಕೊನೆಯ ಕೊಂಡಿ ಮಾತ್ರ ಬಾಕಿ. ಈ ಕೊನೆಯ ಎರಡಕ್ಕೆ ನಾನು ಬೂಟ್‌ಐಸ್‌ನ ಬಿಸಿಡಿ ಟ್ಯಾಬಿಗೆ ಹೋಗುವುದಿಲ್ಲ. ಅದರಲ್ಲಿ ಒಂದೊಂದೇ ಸಾಲು ತಿದ್ದಬಹುದು, ಕಲಿಯುವವರಿಗೆ ಒಳ್ಳೆಯದು, ಆದರೆ ಅವಸರದಲ್ಲಿ ತಪ್ಪಾಗುತ್ತದೆ. ವಿಂಡೋಸಿನದ್ದೇ ಬಿಸಿಡಿಬೂಟ್ ಎಂಬ ಕಮಾಂಡು ಬೂಟ್ ಫೈಲುಗಳನ್ನೂ ಪಟ್ಟಿಯನ್ನೂ ಒಟ್ಟಿಗೆ ಹೊಸದಾಗಿ ಮಾಡಿ ಇಡುತ್ತದೆ. ಪುಟ್ಟ ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಬಿಸಿಡಿಬೂಟ್ ಎಂದು ಹಾಕಿ, ನಿಮ್ಮ ವಿಂಡೋಸ್ ಫೋಲ್ಡರಿನ ದಾರಿ, ಆಮೇಲೆ ಸ್ಲ್ಯಾಶ್ ಎಸ್ ಜೊತೆ ಆ್ಯಕ್ಟಿವ್ ಪಾರ್ಟಿಶನ್ನಿನ ಅಕ್ಷರ, ಸ್ಲ್ಯಾಶ್ ಎಫ್ ಜೊತೆ ಬಯೋಸ್ ಎಂದು ಕೊಟ್ಟರೆ ಆಯಿತು. ಅಕ್ಷರಗಳು ಅಲ್ಲಿ ಬೇರೆ ಇರುತ್ತವೆ ಎಂದು ಆಗಲೇ ಹೇಳಿದ್ದೆನಲ್ಲ, ಒಮ್ಮೆ ತೆರೆದು ನೋಡಿಯೇ ಹಾಕಿ.

ಗ್ರಬ್ ರೆಸ್ಕ್ಯೂ ಎಂದು ಹುಡುಕಿದರೆ ‘ಸೆಟ್ ಪ್ರಿಫಿಕ್ಸ್’, ‘ಇನ್ಸ್‌ಮಾಡ್ ನಾರ್ಮಲ್’ ಎಂದು ಟೈಪ್ ಮಾಡಿಸುವ ವಿಡಿಯೋಗಳು ಬೇಕಾದಷ್ಟು ಸಿಗುತ್ತವೆ. ಅವು ಸುಳ್ಳಲ್ಲ. ಆದರೆ ಲಿನಕ್ಸ್ ಪಾರ್ಟಿಶನ್ ಉಳಿದಿದ್ದು, ಅದರ ನಂಬರು ಮಾತ್ರ ಬದಲಾದವರಿಗೆ ಅದು ಮದ್ದು. ನಿಮ್ಮಲ್ಲಿ ಪಾರ್ಟಿಶನ್ನೇ ಇಲ್ಲ, ಸುಮ್ನೆ ಸಮಯ ಹಾಳು.

ಇನ್ನು ಜಿಪಿಟಿ ಎಂದು ಕಂಡರೆ. ಅಲ್ಲಿ ಮೊದಲ ಸೆಕ್ಟರಿನಲ್ಲಿ ಇರುವುದು ಕಾವಲಿಗೆ ಇಟ್ಟ ಎಂಬಿಆರ್, ಪಟ್ಟಿಯಲ್ಲಿ ಇಇ ಎಂಬ ಒಂದೇ ಗುರುತು. ಯುಇಎಫ್‌ಐ ಕ್ರಮದಲ್ಲಿ ಏಳುವ ಕಂಪ್ಯೂಟರ್ ಅಲ್ಲಿನ ಕೋಡನ್ನು ಓದುವುದೇ ಇಲ್ಲ. ಅದಕ್ಕೆ ಎಂಬಿಆರ್ ಬರೆದರೆ ಪ್ರಯೋಜನವೂ ಇಲ್ಲ. ಇಂಥವುಗಳಲ್ಲಿ ಮೊದಲು ಬಯೋಸ್ ಸೆಟಪ್ಪಿಗೆ ಹೋಗಿ ಬೂಟ್ ಆರ್ಡರಿನಲ್ಲಿ ಉಬುಂಟು ಕೆಳಗೆ, ವಿಂಡೋಸ್ ಬೂಟ್ ಮ್ಯಾನೇಜರ್ ಮೇಲೆ ಮಾಡಿ. ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ಸೆಟಪ್ಪಿನಲ್ಲಿ ಆ ಸೌಕರ್ಯ ಇಲ್ಲದಿದ್ದರೆ ಪೆನ್‌ಡ್ರೈವನ್ನು ಯುಇಎಫ್‌ಐ ಕ್ರಮದಲ್ಲಿ ಎಬ್ಬಿಸಿ, ಬೂಟ್‌ಐಸ್‌ನ ಯುಇಎಫ್‌ಐ ಟ್ಯಾಬಿನಲ್ಲಿ ಅದೇ ಕೆಲಸ ಮಾಡಬಹುದು. ಮತ್ತೆ, ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರುವುದುಂಟು. ಬೂಟ್ ವಿಷಯ ಮುಟ್ಟಿದರೆ ಅದು 48 ಅಂಕೆಯ ರಿಕವರಿ ಕೀ ಕೇಳುತ್ತದೆ. ಶಾಲೆಯ ಬೇರೆ ಟೀಚರುಗಳು ಇದನ್ನು ಓದುತ್ತಿದ್ದರೆ, ಆ ಕೀಯನ್ನು ಇವತ್ತೇ ಒಂದು ಕಾಗದದಲ್ಲಿ ಬರೆದಿಡಿ. ಅದಿಲ್ಲದೆ ಯಾವ ಪೆನ್‌ಡ್ರೈವಿನಿಂದಲೂ ಫೈಲು ತೆಗೆಯಲು ಬರುವುದಿಲ್ಲ.

ವಿಂಡೋಸ್ ಎದ್ದ ಮೇಲೆ ನೀವು ಆಶೆಪಟ್ಟ ಜಾಗದ ವಿಷಯ. ಲಿನಕ್ಸ್ ಇದ್ದದ್ದು ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಖಾಲಿ ಜಾಗವಾಗಿ ಕಾಣುತ್ತದೆ. ಅದು ನಿಮ್ಮ ಡಿ ಡ್ರೈವಿಗೆ ತಾಗಿಕೊಂಡೇ ಬಲಗಡೆ ಇದ್ದರೆ ಎಕ್ಸ್‌ಟೆಂಡ್ ಎಂದು ಒತ್ತಿ ಸೇರಿಸಬಹುದು. ತಾಗಿಕೊಂಡಿಲ್ಲದಿದ್ದರೆ ಎಳೆದು ಜೋಡಿಸಲು ಹೋಗಬೇಡಿ, ಅಲ್ಲೇ ಇನ್ನೊಂದು ಡ್ರೈವ್ ಮಾಡಿ ತೋಟದ ಲೆಕ್ಕಕ್ಕೆ ಇಟ್ಟುಕೊಳ್ಳಿ. ಸೆಕ್ಟರ್ ಎಡಿಟಿನಲ್ಲಿ ನಾನು ಹೇಳಿದ್ದಕ್ಕಿಂತ ಬೇರೆ ಏನಾದರೂ ಕಂಡರೆ, ಬರೆಯುವ ಗುಂಡಿ ಒತ್ತುವ ಮೊದಲು ಆ ಫೋಟೋ ನನಗೆ ಕಳಿಸಿ. ನೋಡಿ ಹೇಳುತ್ತೇನೆ.